ಮರೆಗುಳಿತನವುಳ್ಳ ಹಿರಿಯರ ಕುಟುಂಬ ಆರೈಕೆದಾರರಿಗೆ ಸಮುದಾಯದ ನೆರವು: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

“ಅರವತ್ತಕ್ಕೆ ಅರಳುಮರಳು” ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಊಟ ಮಾಡಿದ್ದನ್ನು ಮರೆತು ಪುನಃ ಊಟ ಕೇಳುವುದು, ಸ್ವಂತ ಮನೆಯಲ್ಲಿಯೇ ಕುಳಿತು ‘ಮನೆಗೆ ಹೋಗಬೇಕು’ ಎಂದು ಹಠ ಹಿಡಿಯುವುದು ಮುಂತಾದವುಗಳನ್ನು ವೃದ್ಧಾಪ್ಯದ ಸಹಜ ಲಕ್ಷಣಗಳೆಂದು ಭಾವಿಸಿ ಸುಮ್ಮನಾಗುವುದು ಸಾಮಾನ್ಯವಾಗಿದೆ. ವಾಸ್ತವದಲ್ಲಿ ಇವು ಮರೆಗುಳಿತನ ಅಥವಾ ಡಿಮೆನ್ಷಿಯಾ ಎಂಬ ಮೆದುಳಿನ ಕಾಯಿಲೆಯ ಲಕ್ಷಣಗಳಾಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಈ ಕಾಯಿಲೆಯಿಂದ ಬಳಲುತ್ತಿದ್ದಾರೆ. ಇದರ ಪ್ರಮಾಣವು ಪುರುಷರಿಗಿಂತ ಮಹಿಳೆಯರಲ್ಲಿಯೂ, ನಗರಗಳಿಗಿಂತ ಗ್ರಾಮೀಣ ಪ್ರದೇಶದಲ್ಲಿಯೂ ಹೆಚ್ಚಾಗಿದೆ.

ಇಂತಹ ಹಿರಿಯರ ಪೈಕಿ ಬಹುತೇಕರ ಆರೈಕೆಯು ಮನೆಯಲ್ಲಿಯೇ, ಸಾಮಾನ್ಯವಾಗಿ ಪತ್ನಿ, ಸೊಸೆ ಅಥವಾ ಮಗಳಿಂದ ನಡೆಯುತ್ತದೆ. ಅವರ ಈ ದುಡಿಮೆ ಯಾವ ಲೆಕ್ಕಪುಸ್ತಕದಲ್ಲಿಯೂ ಜಮೆಯಾಗುವುದಿಲ್ಲ. ಆರೈಕೆದಾರರಿಗೆ ನೆರೆಹೊರೆಯವರು ಹೇಗೆ ನೆರವಾಗಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಕಾಯಿಲೆಯ ಸ್ವರೂಪ

ಮರೆಗುಳಿತನಕ್ಕೆ ಅಲ್ಝೈಮರ್ ಕಾಯಿಲೆಯು ಪ್ರಮುಖ ಕಾರಣವಾಗಿದ್ದು, ಪಾರ್ಶ್ವವಾಯು ಹಾಗೂ ಮೆದುಳಿನ ರಕ್ತನಾಳಗಳ ತೊಂದರೆಯಿಂದಲೂ ಇದು ಉಂಟಾಗುತ್ತದೆ. ಇವುಗಳನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇಲ್ಲ. ಆದರೆ ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ ಹಾಗೂ ಬಿದ್ದು ತಲೆಗೆ ಪೆಟ್ಟಾದಾಗ ಒಳಗೆ ರಕ್ತ ಶೇಖರಣೆಯಾಗುವುದರಿಂದಲೂ ಇದೇ ಬಗೆಯ ಮರೆವು ಬರಬಹುದು. ಇವುಗಳಿಗೆ ಚಿಕಿತ್ಸೆ ಇರುವುದರಿಂದ, ‘ವಯಸ್ಸಾಯಿತು’ ಎಂದು ತೀರ್ಮಾನಿಸುವ ಮೊದಲು ಒಮ್ಮೆ ವೈದ್ಯರಲ್ಲಿ ತಪಾಸಣೆ ಮಾಡಿಸುವುದು ಅವಶ್ಯಕ.

ಕರಾವಳಿ ತಾಲ್ಲೂಕುಗಳ ಪರಿಸ್ಥಿತಿ

ಮೂರೂ ತಾಲ್ಲೂಕುಗಳಲ್ಲಿ ಆರೈಕೆಯ ಭಾರವು ಬೇರೆ ಬೇರೆ ರೂಪದಲ್ಲಿ ಕಂಡುಬರುತ್ತದೆ. ಮೀನುಗಾರ ಕುಟುಂಬಗಳಲ್ಲಿ ಗಂಡಸರು ಕಡಲಿಗೆ, ಹೆಂಗಸರು ಮೀನು ಮಾರಾಟಕ್ಕೆ ಹೋದ ನಂತರ ಮನೆಯಲ್ಲಿ ಹಿರಿಯರೊಬ್ಬರೇ ಉಳಿಯುತ್ತಾರೆ. ಅಡಿಕೆ ತೋಟಗಳ ನಡುವಿನ ಒಂಟಿ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬೈಗಳಲ್ಲಿ ನೆಲೆಸಿದ್ದು, ವೃದ್ಧ ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ. ಭಟ್ಕಳದ ಹಲವು ಮನೆಗಳಲ್ಲಿ ದುಡಿಯುವ ಗಂಡಸರು ಕೊಲ್ಲಿ ರಾಷ್ಟ್ರಗಳಲ್ಲಿದ್ದು, ಹಣ ಬಂದರೂ ರಾತ್ರಿ ಎದ್ದು ನೋಡಿಕೊಳ್ಳುವ ಕೈಗಳು ಕಡಿಮೆ.

ಇದಲ್ಲದೆ, ಸಂಜೆಯ ವೇಳೆ ಗೊಂದಲ ಹೆಚ್ಚಾಗಿ ಹಿರಿಯರು ಮನೆಯಿಂದ ಹೊರನಡೆಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ತೆರೆದ ಬಾವಿ, ಹೊಳೆದಂಡೆ, ಕೊಂಕಣ ರೈಲು ಮಾರ್ಗ ಹಾಗೂ ರಾಷ್ಟ್ರೀಯ ಹೆದ್ದಾರಿ 66 ಹತ್ತಿರದಲ್ಲಿಯೇ ಇರುವ ನಮ್ಮ ಊರುಗಳಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಇದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಈ ಭಯದಿಂದಾಗಿಯೇ ಆರೈಕೆದಾರರು ನಿದ್ರೆ ಕಳೆದುಕೊಳ್ಳುತ್ತಾರೆ, ಮದುವೆ ಮುಂಜಿಗಳನ್ನು ಬಿಡುತ್ತಾರೆ, ತಮ್ಮ ಸ್ವಂತ ಚಿಕಿತ್ಸೆಯನ್ನೂ ಮುಂದೂಡುತ್ತಾರೆ.

ನೆರೆಯ ಗೋವಾ ರಾಜ್ಯದ ಅನುಭವ

ನಮ್ಮದೇ ಕರಾವಳಿಯ ಮುಂದುವರಿಕೆಯಾದ ಗೋವಾದಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಗಮನಾರ್ಹವಾಗಿದೆ. ಅಲ್ಲಿನ 81 ಕುಟುಂಬಗಳನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶವು 2008ರಲ್ಲಿ ಪ್ರಕಟವಾಯಿತು. ಇದರಲ್ಲಿ ಮನೆಮನೆಗೆ ಭೇಟಿ ನೀಡಿದವರು ತಜ್ಞ ವೈದ್ಯರಲ್ಲ. ಸ್ಥಳೀಯ ಭಾಷೆಯಾದ ಕೊಂಕಣಿಯನ್ನು ಬಲ್ಲ, ಅಲ್ಪಾವಧಿಯ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಅವರು ಆರು ತಿಂಗಳ ಕಾಲ ಕುಟುಂಬಗಳೊಂದಿಗೆ ಸಂಪರ್ಕವಿಟ್ಟುಕೊಂಡು, ಕಾಯಿಲೆಯ ಬಗ್ಗೆ ತಿಳಿಸಿ, ಕಠಿಣ ವರ್ತನೆಗಳನ್ನು ನಿಭಾಯಿಸುವ ಬಗೆಯನ್ನು ಹೇಳಿಕೊಟ್ಟರು. ಅಗತ್ಯವಿದ್ದಲ್ಲಿ ಮಾತ್ರ ಮನೋವೈದ್ಯರ ನೆರವು ಒದಗಿಸಲಾಯಿತು. ಇದರಿಂದ ಹಿರಿಯರ ಕಾಯಿಲೆ ವಾಸಿಯಾಗಲಿಲ್ಲ. ಆದರೆ ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತು ಹಾಗೂ ಹಿರಿಯರ ವರ್ತನೆಯಿಂದ ಅವರಿಗಾಗುತ್ತಿದ್ದ ಸಂಕಟ ಕಡಿಮೆಯಾಯಿತು.

ತಜ್ಞರು ದೂರವಿರುವಲ್ಲಿಯೂ ಊರಿನವರೇ ಆರೈಕೆದಾರರ ಭಾರವನ್ನು ಇಳಿಸಬಲ್ಲರು ಎಂಬುದು ಇದರಿಂದ ತಿಳಿದುಬರುತ್ತದೆ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸ್ವಸಹಾಯ ಸಂಘಗಳು, ದೇವಸ್ಥಾನ, ಮಸೀದಿ ಹಾಗೂ ಚರ್ಚುಗಳ ಸಮಿತಿಗಳು, ಯುವಕ ಮಂಡಲಗಳು ನಮ್ಮಲ್ಲಿ ಈಗಾಗಲೇ ಇವೆ.

ನೆರೆಹೊರೆಯವರು ಮಾಡಬಹುದಾದ ಕಾರ್ಯಗಳು

1. ಸಮಯ ನೀಡುವುದು: ವಾರದಲ್ಲಿ 168 ಗಂಟೆಗಳಿವೆ. ನಾಲ್ಕು ಮನೆಯವರು ವಾರಕ್ಕೆ ತಲಾ ಎರಡು ಗಂಟೆ ಹಿರಿಯರ ಬಳಿ ಕುಳಿತರೆ ಒಟ್ಟು 8 ಗಂಟೆಗಳಾಗುತ್ತವೆ. ಇದು ಶೇಕಡಾ 5ಕ್ಕಿಂತಲೂ ಕಡಿಮೆ. ಆದರೂ ಆರೈಕೆದಾರರು ಆಸ್ಪತ್ರೆ, ಬ್ಯಾಂಕು, ಪಡಿತರ ಅಂಗಡಿಗೆ ಹೋಗಿಬರಲು ಅಥವಾ ನಿಶ್ಚಿಂತೆಯಿಂದ ನಿದ್ರಿಸಲು ಇಷ್ಟು ಸಾಕಾಗುತ್ತದೆ. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವುದಕ್ಕಿಂತ ‘ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಬರುತ್ತೇನೆ’ ಎನ್ನುವುದು ಹೆಚ್ಚು ಉಪಯುಕ್ತ.

2. ಕಣ್ಣಿಟ್ಟಿರುವುದು: ಕೇರಿಯ ಅಂಗಡಿಯವರು, ಆಟೋ ಚಾಲಕರು ಹಾಗೂ ಬಸ್ ನಿರ್ವಾಹಕರಿಗೆ ಕುಟುಂಬದ ಒಪ್ಪಿಗೆಯೊಂದಿಗೆ ಹಿರಿಯರ ಪರಿಚಯ ಮಾಡಿಸಿರಬೇಕು. ಹಿರಿಯರ ಜೇಬಿನಲ್ಲಿ ಅಥವಾ ಕೊರಳಲ್ಲಿ ಮನೆಯವರ ದೂರವಾಣಿ ಸಂಖ್ಯೆಯಿರುವ ಚೀಟಿ ಇರಲಿ. ಹಿರಿಯರು ಕಾಣೆಯಾದಲ್ಲಿ ಕಾಯದೆ 112ಕ್ಕೆ ಕರೆ ಮಾಡಿ, ಮೊದಲು ಬಾವಿ ಮತ್ತು ಹೊಳೆಯ ಕಡೆ ಹುಡುಕಬೇಕು.

3. ಅವರ ಭಾಷೆಯಲ್ಲಿ ಮಾತನಾಡುವುದು: ಕಾಯಿಲೆ ಬೆಳೆದಂತೆ ನಂತರ ಕಲಿತ ಭಾಷೆಗಳು ಮರೆಯಾಗಿ ತಾಯ್ನುಡಿಯೊಂದೇ ಉಳಿಯಬಹುದು. ಆದ್ದರಿಂದ ಕೊಂಕಣಿ, ನವಾಯತಿ, ಹವ್ಯಕ ಅಥವಾ ಹಾಲಕ್ಕಿ ಕನ್ನಡ ಬಲ್ಲ ನೆರೆಯವರ ಮಾತು ಹಿರಿಯರಿಗೆ ಸಮಾಧಾನ ನೀಡುತ್ತದೆ. ಮಕ್ಕಳ ಹೆಸರು ಮರೆತವರೂ ಹಳೆಯ ಭಜನೆ, ಯಕ್ಷಗಾನದ ಪದಗಳಿಗೆ ಸ್ಪಂದಿಸುವುದುಂಟು.

4. ವಾದಿಸದಿರುವುದು: ಹಿರಿಯರು ತೀರಿಹೋದ ತಾಯಿಯನ್ನು ಕೇಳಿದರೆ, ಆಕೆ ಇಲ್ಲವೆಂದು ಪ್ರತಿಬಾರಿ ತಿದ್ದುವುದರಿಂದ ದುಃಖವಷ್ಟೇ ಹೆಚ್ಚುತ್ತದೆ. ತಾಯಿಯ ಬಗ್ಗೆ ನಾಲ್ಕು ಮಾತನಾಡಿಸಿ, ಮೆಲ್ಲನೆ ಬೇರೆ ವಿಷಯಕ್ಕೆ ತರುವುದು ಉತ್ತಮ.

5. ದೂಷಿಸದಿರುವುದು: ‘ಸೊಸೆ ಊಟ ಹಾಕುವುದಿಲ್ಲ’, ‘ನನ್ನ ಹಣ ಕದ್ದರು’ ಎಂಬ ದೂರುಗಳು ಕಾಯಿಲೆಯ ಲಕ್ಷಣವೂ ಆಗಿರಬಹುದು. ವಿಚಾರಿಸದೆ ಊರಿನಲ್ಲಿ ಮಾತು ಹಬ್ಬಿಸಿದರೆ ಆರೈಕೆ ಮಾಡುತ್ತಿರುವವರ ಮನಸ್ಸು ಮುರಿಯುತ್ತದೆ. ಆದರೆ ಹಿರಿಯರ ಮೈಮೇಲೆ ಗಾಯ ಅಥವಾ ಉಪವಾಸದ ಗುರುತು ಕಂಡಲ್ಲಿ ಕಡೆಗಣಿಸಬಾರದು.

ಹಣಕಾಸು ಮತ್ತು ಕಾನೂನು ವಿಷಯಗಳು

ಹಿರಿಯರಿಗೆ ತಿಳಿವಳಿಕೆ ಇರುವಾಗಲೇ ಬ್ಯಾಂಕ್ ಖಾತೆಗೆ ನಾಮನಿರ್ದೇಶನ ಮಾಡಿಸುವುದು, ಅವರು ಒಪ್ಪಿದಲ್ಲಿ ಜಂಟಿ ಖಾತೆಯಾಗಿ ಬದಲಾಯಿಸುವುದು ಹಾಗೂ ಇಚ್ಛಿಸಿದಲ್ಲಿ ಉಯಿಲು ಬರೆಯಿಸುವುದು ಸೂಕ್ತ. ಪವರ್ ಆಫ್ ಅಟಾರ್ನಿ ಇದ್ದರೆ ಸಾಕೆಂದು ಅನೇಕರು ಭಾವಿಸಿರುತ್ತಾರೆ. ಆದರೆ ಅದನ್ನು ನೀಡಿದವರ ಚಿತ್ತ ಸ್ವಸ್ಥವಾಗಿ ಉಳಿಯದಿದ್ದಲ್ಲಿ, ಭಾರತೀಯ ಕರಾರು ಅಧಿನಿಯಮದಂತೆ ಸದರಿ ಅಧಿಕಾರವು ಕೊನೆಗೊಳ್ಳುತ್ತದೆ. 70 ವರ್ಷ ಮೀರಿದವರಿಗೆ ಮನೆಬಾಗಿಲಿನಲ್ಲಿ ಮೂಲಭೂತ ಸೇವೆ ಒದಗಿಸುವಂತೆ ಭಾರತೀಯ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ, ಶಾಖೆಯಲ್ಲಿ ವಿಚಾರಿಸಬಹುದು.

ಪೋಷಣೆಯಿಂದ ವಂಚಿತರಾದ ಹಿರಿಯರ ಪರವಾಗಿ, ತಂದೆ ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಅಡಿಯಲ್ಲಿ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಆಸ್ತಿ ಪಡೆದವರು ಆ ಷರತ್ತನ್ನು ಪಾಲಿಸದಿದ್ದಲ್ಲಿ, ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಇದೇ ಅಧಿನಿಯಮದ 23ನೇ ಕಲಮಿನಲ್ಲಿ ಅವಕಾಶವಿದೆ. ಮಹಿಳೆಯರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಲಭ್ಯವಿರುವ ಸೇವೆಗಳು

ಮೊದಲ ತಪಾಸಣೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಭಟ್ಕಳ, ಹೊನ್ನಾವರ ಹಾಗೂ ಕುಮಟಾದ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಲಭ್ಯವಿರುವ ದಿನವನ್ನು ಅಲ್ಲಿಯೇ ವಿಚಾರಿಸಿ ಹೋಗುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆಗಾಗಿ ಈ ಭಾಗದ ಕುಟುಂಬಗಳು ಕಾರವಾರ, ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ತೆರಳುತ್ತವೆ. ಧಾರವಾಡದ ಡಿಮ್ಹಾನ್ಸ್ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳಾಗಿವೆ.

ಅಷ್ಟು ದೂರ ಹೋಗಲಾಗದವರು ದೂರವಾಣಿಯ ಮೂಲಕವೂ ನೆರವು ಪಡೆಯಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಆರೈಕೆದಾರರು ತಮ್ಮ ಸ್ವಂತ ಆಯಾಸ, ನಿದ್ರಾಹೀನತೆ, ಬೇಸರಗಳ ಬಗ್ಗೆಯೂ ಕರೆ ಮಾಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567. ಪಿಂಚಣಿ ಹಾಗೂ ಹಿರಿಯ ನಾಗರಿಕರ ಗುರುತಿನ ಚೀಟಿಯ ವಿಷಯದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಮಾರ್ಗದರ್ಶನ ಪಡೆಯಬಹುದು.

ಮರೆಗುಳಿತನವುಳ್ಳ ಹಿರಿಯರು ತಾವು ಪಡೆದ ಉಪಕಾರವನ್ನು ನೆನಪಿಟ್ಟುಕೊಳ್ಳಲಾರರು; ಅವರನ್ನು ನೋಡಿಕೊಳ್ಳುವವರು ಮರೆಯುವುದಿಲ್ಲ. ಆದ್ದರಿಂದ ಸಾರ್ವಜನಿಕರು ತಮ್ಮ ಕೇರಿಯಲ್ಲಿರುವ ಇಂತಹ ಮನೆಯೊಂದನ್ನು ಗುರುತಿಸಿ, ಈ ವಾರದಲ್ಲಿಯೇ ಎರಡು ಗಂಟೆಗಳ ಸಮಯವನ್ನು ನೀಡಿ ಸಹಕರಿಸಬೇಕಾಗಿ ಕೋರಲಾಗಿದೆ.