ಬ್ಯಾಂಕುಗಳ ಬಾಡಿಗೆ ಗಣಕಯಂತ್ರ: ಒಬ್ಬರ ದಾರಿ ಇನ್ನೊಬ್ಬರಿಗೆ ಸಿಗದಂತೆ ತಡೆಯುವುದು ಹೇಗೆ?

ಜತ್ತ: 2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಯುಪಿಐ, ಎಟಿಎಂ ವ್ಯವಹಾರಕ್ಕೆ ತಡೆ ಬಿತ್ತು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ರಾನ್ಸಮ್‌ವೇರ್ ಎಂಬ ಒತ್ತೆಹಣದ ದಾಳಿ ನಡೆದದ್ದು ಈ ಬ್ಯಾಂಕುಗಳಿಗೆಲ್ಲ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಕಂಪನಿಯ ಕೆಲವು ಯಂತ್ರಗಳ ಮೇಲೆ. ದೇಶದ ಪಾವತಿ ಜಾಲವನ್ನು ನಡೆಸುವ ಎನ್‌ಪಿಸಿಐ, ಸೋಂಕು ಹರಡದಿರಲಿ ಎಂದು ಆ ಕಂಪನಿಯನ್ನೇ ಜಾಲದಿಂದ ಬೇರ್ಪಡಿಸಿತು. ಮರುದಿನ ಸಂಪರ್ಕ ಮತ್ತೆ ಸಿಕ್ಕಿತು.

ದ್ರಾಕ್ಷಿ, ದಾಳಿಂಬೆಯ ಹಣ, ಬೆಳೆಸಾಲ, ಹಾಲಿನ ಬಿಲ್ಲು ಎಲ್ಲವೂ ಸಹಕಾರಿ ಬ್ಯಾಂಕು ಮತ್ತು ಸೊಸೈಟಿಗಳ ಮೂಲಕವೇ ಓಡಾಡುವ ಜತ್ತದಂಥ ತಾಲೂಕಿಗೆ ಇದು ದೂರದ ಸುದ್ದಿಯಲ್ಲ. ಸಣ್ಣ ಬ್ಯಾಂಕು ಸ್ವಂತ ಗಣಕಯಂತ್ರ ಕೇಂದ್ರ ಕಟ್ಟುವುದು ದುಬಾರಿ. ಆದ್ದರಿಂದ ಹತ್ತಾರು ಬ್ಯಾಂಕುಗಳು ಒಬ್ಬರದೇ ಯಂತ್ರಗಳಲ್ಲಿ ಜಾಗ ಬಾಡಿಗೆ ಪಡೆಯುತ್ತವೆ. ಇದನ್ನೇ ಹಂಚಿಕೆಯ ಕ್ಲೌಡ್ ಎನ್ನುತ್ತಾರೆ. ಮನೆ ಒಂದೇ, ಬಾಡಿಗೆದಾರರು ಹಲವರು. ಹಾಗಿರುವಾಗ ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ದಾರಿ ಇರಬಾರದು. ಆ ದಾರಿಯನ್ನು ಮುಚ್ಚುವುದು ಹೇಗೆ?

ಗಟ್ ನಂಬರು ಒಂದೇ, ಊರು ಬೇರೆ

ಇದನ್ನು ತಿಳಿಯಲು ಸಾತಬಾರಾ ಉತಾರಾ ಸಾಕು. ಗಟ್ ನಂಬರು 10 ಉಮದಿಯಲ್ಲೂ ಇರಬಹುದು, ಸಂಖದಲ್ಲೂ ಇರಬಹುದು. ತಲಾಠಿಗೆ ಬರೀ ‘ಗಟ್ ನಂಬರು 10’ ಎಂದರೆ ಯಾರ ಹೊಲವೆಂದು ತಿಳಿಯದು. ಗ್ರಾಮದ ಹೆಸರು ಹೇಳಿದಾಗ ಮಾತ್ರ ಸರಿಯಾದ ದಫ್ತರ ತೆರೆಯುತ್ತದೆ.

ಗಣಕಯಂತ್ರಗಳ ವಿಳಾಸವೂ ಹೀಗೆಯೇ. ಸಂಸ್ಥೆಗಳು ಒಳಗಡೆ ಬಳಸಲೆಂದು ಕೆಲವು ವಿಳಾಸಗಳನ್ನು 1996ರ ಅಂತರ್ಜಾಲ ನಿಯಮವೊಂದು ಮೀಸಲಿಟ್ಟಿದೆ. 10ರಿಂದ ಆರಂಭವಾಗುವ ವಿಳಾಸಗಳು, 192.168ರಿಂದ ಆರಂಭವಾಗುವ ವಿಳಾಸಗಳು ಅಂಥವು. ಅವನ್ನು ಯಾರು ಬೇಕಾದರೂ ಬಳಸಬಹುದು. ಹೀಗಾಗಿ ಒಂದು ಬ್ಯಾಂಕಿನ ಲೆಕ್ಕದ ಯಂತ್ರಕ್ಕೆ 10.0.0.5 ಎಂಬ ವಿಳಾಸವಿದ್ದರೆ, ಅದೇ ಕ್ಲೌಡಿನ ಇನ್ನೊಂದು ಬ್ಯಾಂಕಿನ ಯಂತ್ರಕ್ಕೂ ಅದೇ ವಿಳಾಸ ಇರಬಹುದು. ದಾರಿಪಟ್ಟಿ ಒಂದೇ ಆಗಿದ್ದರೆ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹೋದೀತು.

ಇದಕ್ಕೆ ಪರಿಹಾರ ಎರಡು ಹಂತದಲ್ಲಿದೆ. ಮೊದಲನೆಯದು, ಪ್ರತಿ ಬಾಡಿಗೆದಾರನಿಗೂ ಬೇರೆ ದಾರಿಪಟ್ಟಿ. ದಾರಿ ತೋರಿಸುವ ರೂಟರ್ ಎಂಬ ಯಂತ್ರ ಒಂದೇ ಆದರೂ ಅದರೊಳಗೆ ಹಲವು ಪಟ್ಟಿಗಳು ಇರುತ್ತವೆ. ಒಂದು ಪಟ್ಟಿಯಲ್ಲಿ ಇರುವ ದಾರಿ ಇನ್ನೊಂದು ಪಟ್ಟಿಗೆ ಕಾಣುವುದಿಲ್ಲ. ಜಾಲ ತಂತ್ರಜ್ಞರು ಇದನ್ನು ವಿಆರ್‌ಎಫ್ ಎನ್ನುತ್ತಾರೆ. ಇದು ತಲಾಠಿಯ ಕಚೇರಿಯಲ್ಲಿ ಊರಿಗೊಂದು ದಫ್ತರ ಇದ್ದಂತೆ.

ಎರಡನೆಯದು, ಮಾಹಿತಿಯ ಪ್ರತಿ ಪೊಟ್ಟಣದ ಮೇಲೂ ಬಾಡಿಗೆದಾರನ ಗುರುತಿನ ಸಂಖ್ಯೆ. ಹಳೆಯ ವಿಲ್ಯಾನ್ ಪದ್ಧತಿಯಲ್ಲಿ ಇಂಥ 4094 ಗುರುತುಗಳಿಗೆ ಮಾತ್ರ ಜಾಗವಿತ್ತು. ಕ್ಲೌಡ್ ಬೆಳೆದಂತೆ ಅದು ಸಾಲದಾಯಿತು. 2014ರಲ್ಲಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಪದ್ಧತಿ ಈ ಮಿತಿಯನ್ನು 1 ಕೋಟಿ 67 ಲಕ್ಷಕ್ಕೂ ಹೆಚ್ಚಿಸಿತು. ಅಮೆಜಾನ್ ಕಂಪನಿ 2006ರಲ್ಲಿ ಬಾಡಿಗೆ ಯಂತ್ರಗಳ ಸೇವೆ ಆರಂಭಿಸಿದಾಗ ಗ್ರಾಹಕರೆಲ್ಲ ಒಂದೇ ಜಾಲದಲ್ಲಿದ್ದರು. ಪ್ರತ್ಯೇಕ ಖಾಸಗಿ ಜಾಲದ ಸೌಲಭ್ಯ ಬಂದದ್ದು 2009ರಲ್ಲಿ.

ಮಾರ್ಕೆಟ್ ಯಾರ್ಡಿನ ದಾರಿ

ಪೂರ್ತಿ ಬೇರೆ ಮಾಡಿಬಿಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಎಲ್ಲ ಬ್ಯಾಂಕುಗಳಿಗೂ ಪಾವತಿ ದ್ವಾರ, ಎಸ್‌ಎಂಎಸ್ ಸೇವೆ, ಬ್ಯಾಕಪ್ ಮುಂತಾದ ಕೆಲವು ಸೇವೆಗಳು ಸಮಾನವಾಗಿ ಬೇಕು. ಅಲ್ಲಿಗೆ ಎಲ್ಲರಿಗೂ ದಾರಿ ಬಿಡಲೇಬೇಕು. ಎಲ್ಲ ಹೊಲಗಳಿಂದಲೂ ಮಾರ್ಕೆಟ್ ಯಾರ್ಡಿಗೆ ದಾರಿ ಇರುತ್ತದೆ. ಹಾಗೆಂದು ಯಾರ್ಡಿಗೆ ಬಂದವನು ಅಲ್ಲಿಂದ ತಿರುಗಿ ಮತ್ತೊಬ್ಬರ ದ್ರಾಕ್ಷಿ ತೋಟಕ್ಕೆ ನುಗ್ಗುವಂತಿಲ್ಲ.

ಎಚ್ಚರ ತಪ್ಪುವುದು ಇಲ್ಲಿಯೇ. ಯಾವ ದಾರಿಯನ್ನು ಯಾವ ಪಟ್ಟಿಗೆ ಹೇಳಬೇಕು ಎಂಬುದನ್ನು ಮನುಷ್ಯರು ಬರೆದುಕೊಡುತ್ತಾರೆ. ಸಮಾನ ಸೇವೆಯ ದಾರಿ ಎರಡೂ ಬ್ಯಾಂಕುಗಳ ಪಟ್ಟಿಯಲ್ಲಿ ಇರಬೇಕು, ಆದರೆ ಒಂದು ಬ್ಯಾಂಕಿನ ದಾರಿ ಇನ್ನೊಂದರ ಪಟ್ಟಿಯಲ್ಲಿ ಇರಬಾರದು. ಒಂದು ಸಾಲು ತಪ್ಪಿ ಬರೆದರೂ ಸಮಾನ ಸೇವೆಯೇ ಸೇತುವೆಯಾಗುತ್ತದೆ. ತಪ್ಪಾದದ್ದು ತಕ್ಷಣ ಗೊತ್ತೂ ಆಗುವುದಿಲ್ಲ. ಏಕೆಂದರೆ ಎಲ್ಲರ ಕೆಲಸವೂ ಎಂದಿನಂತೆ ನಡೆಯುತ್ತಿರುತ್ತದೆ. ದಾರಿ ಮುಚ್ಚಿದರೆ ಗ್ರಾಹಕರು ಕೂಗುತ್ತಾರೆ, ಹೆಚ್ಚಿನ ದಾರಿ ತೆರೆದಿದ್ದರೆ ಯಾರೂ ಕೂಗುವುದಿಲ್ಲ.

ಬೇಲಿ ಯಾರ ಕೈಯಲ್ಲಿ?

ದೊಡ್ಡ ಕಂಪನಿಗಳೂ ಎಡವಿವೆ. 2021ರ ಆಗಸ್ಟ್‌ನಲ್ಲಿ ವಿಜ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಮೈಕ್ರೋಸಾಫ್ಟ್‌ನ ಕಾಸ್ಮಾಸ್ ಡಿಬಿ ಎಂಬ ಕ್ಲೌಡ್ ದತ್ತಾಂಶ ಸೇವೆಯಲ್ಲಿ ದೋಷ ಕಂಡುಹಿಡಿದರು. ಹೊರಗಿನ ದಾರಿ ತಡೆಯುವ ನಿಯಮಗಳು ಬಾಡಿಗೆದಾರನಿಗೆ ಕೊಟ್ಟ ಜಾಗದ ಒಳಗೇ ಇದ್ದವು. ಸಂಶೋಧಕರು ಅಲ್ಲಿ ಪೂರ್ಣ ಅಧಿಕಾರ ಪಡೆದು ನಿಯಮಗಳನ್ನು ಅಳಿಸಿಹಾಕಿದರು. ಅಲ್ಲಿಂದ ಮುಂದೆ ಸಾಗಿ ಸಾವಿರಾರು ಗ್ರಾಹಕರ ಕೀಲಿಗಳವರೆಗೆ ತಲುಪಿದರು. ಕಂಪನಿ ಎರಡು ದಿನದೊಳಗೆ ಆ ಸೌಲಭ್ಯವನ್ನು ನಿಲ್ಲಿಸಿತು. ಈ ದೋಷದಿಂದ ಗ್ರಾಹಕರ ಮಾಹಿತಿ ಬೇರೆಯವರ ಕೈಸೇರಿದ್ದು ಕಂಡುಬಂದಿಲ್ಲ ಎಂದೂ ಹೇಳಿತು.

ಪಾಠ ಸರಳ. ಬೇಲಿಯ ಗೂಟ ನೆರೆಯವನ ಕೈಗೆ ಸಿಗಬಾರದು. ಬೇರ್ಪಡಿಸುವ ನಿಯಮಗಳು ಬಾಡಿಗೆದಾರನ ಯಂತ್ರದ ಹೊರಗೆ, ಅವನು ಮುಟ್ಟಲಾಗದ ಕಡೆ ಇರಬೇಕು.

2024ರ ಸಿ-ಎಡ್ಜ್ ಪ್ರಕರಣ ಇದಕ್ಕಿಂತ ಬೇರೆ. ಅಲ್ಲಿ ಎನ್‌ಪಿಸಿಐ ಮುಚ್ಚಿದ್ದು ಎಲ್ಲ ಬಾಡಿಗೆದಾರರ ಸಮಾನ ಬಾಗಿಲನ್ನು. ಬೆಂಕಿ ಒಂದು ಕೋಣೆಗೆ ತಗುಲಿದಾಗ ಆ ಕೋಣೆಯನ್ನಷ್ಟೇ ಮುಚ್ಚುವ ಅನುಕೂಲವಿದ್ದರೆ ಉಳಿದವರ ಕೆಲಸ ನಿಲ್ಲುವುದಿಲ್ಲ. ಅಂದರೆ ದಾರಿಗಳನ್ನು ಬೇರ್ಪಡಿಸುವುದು ಕಳ್ಳನನ್ನು ತಡೆಯಲು ಮಾತ್ರವಲ್ಲ, ಸಂಕಟ ಬಂದಾಗ ನಷ್ಟ ಹರಡದಂತೆ ನೋಡಿಕೊಳ್ಳಲೂ ಬೇಕು.

ಸದಸ್ಯರು ಏನು ಕೇಳಬಹುದು?

ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಹೊರಗುತ್ತಿಗೆಯ ಮಾಹಿತಿ ತಂತ್ರಜ್ಞಾನ ಸೇವೆಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ, ಹಲವು ಬಾಡಿಗೆದಾರರಿರುವ ಕ್ಲೌಡಿನಲ್ಲಿ ಒಬ್ಬರ ಮಾಹಿತಿ ಇನ್ನೊಬ್ಬರದರೊಂದಿಗೆ ಬೆರೆಯದಂತೆ ರಕ್ಷಣೆ ಇರಬೇಕೆಂದು ಹೇಳಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಹಣಕಾಸು ಕ್ಷೇತ್ರಕ್ಕೆಂದೇ ಒಂದು ಕ್ಲೌಡ್ ವ್ಯವಸ್ಥೆ ಸ್ಥಾಪಿಸುವುದಾಗಿಯೂ ಪ್ರಕಟಿಸಿತು. ಆದರೆ ಸೇವೆಯನ್ನು ಹೊರಗೆ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಹೊಣೆ ಹೊರಗೆ ಹೋಗುವುದಿಲ್ಲ.

ಸಹಕಾರಿ ಬ್ಯಾಂಕಿನ ಸದಸ್ಯನಿಗೆ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶವಿದೆ. ಲಾಭಾಂಶದ ಜೊತೆಗೆ ಈ ಮೂರನ್ನೂ ಕೇಳಬಹುದು. ನಮ್ಮ ಬ್ಯಾಂಕಿಗೆ ಬೇರೆ ದಾರಿಪಟ್ಟಿ ಇದೆಯೇ? ನಮ್ಮ ಜಾಗದಿಂದ ಪಕ್ಕದವರ ಜಾಗಕ್ಕೆ ಹೋಗಲು ಸಾಧ್ಯವೇ ಎಂದು ಕಡೆಯದಾಗಿ ಪರೀಕ್ಷೆ ಮಾಡಿದ್ದು ಯಾವಾಗ? ಪಕ್ಕದವರಿಗೆ ದಾಳಿಯಾದರೆ ನಮ್ಮ ಬಾಗಿಲು ತೆರೆದಿರುತ್ತದೆಯೇ?

ಮೂರಕ್ಕೂ ಉತ್ತರ ಕೊಡಲು ಸಂಚಾಲಕರು ಗಣಕಯಂತ್ರ ಪಂಡಿತರಾಗಬೇಕಿಲ್ಲ. ಸೇವೆ ಕೊಡುವ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆದರೆ ಸಾಕು. ಹೊಲದ ಬದುವಿನ ಮೇಲೆ ಗೇಣು ಜಾಗಕ್ಕೂ ಮೋಜಣಿ ಮಾಡಿಸುವ ರೈತ, ತನ್ನ ಹಣದ ಬದುವಿಗೂ ಅಷ್ಟೇ ಲಕ್ಷ್ಯ ಕೊಡುವುದು ಒಳ್ಳೆಯದು.