ಕಳೆ ತುಂಬಿದ ಮಡುವಿನಲ್ಲಿ ಮರಳ ಮೀನಿಗೆ ಗಾಳ

ಕುಡಚಿಯ ಹತ್ತಿರ ಕೃಷ್ಣೆಯ ದಂಡಿಗೆ ನನ್ನ ಕಬ್ಬಿನ ಹೊಲ. 2019ರ ನೆರೆ ಇಳಿದ ಮೇಲೆ ಅಂಚಿನ ತಗ್ಗಿನಲ್ಲಿ ನೀರು ನಿಂತಿತು, ಅದರ ಮೇಲೆ ಕಳೆ ಹಬ್ಬಿತು. ಬಲೆ ಬೀಸಿದರೆ ಸಿಕ್ಕಿ ಹರಿಯುವುದೇ ಸೈ. ಇಂಥಲ್ಲಿ ಗಾಳವೇ ಗತಿ.

ಇಲ್ಲಿ ಮರಳ, ಅಂದರೆ ಮುರೆಲ್ ಮೀನೇ ರಾಜ. ಕಿವಿರಿನ ಉಸಿರು ಅದಕ್ಕೆ ಸಾಲದು; ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ಆದ್ದರಿಂದ ಕಳೆಯ ನಡುವಿನ ಕಿಂಡಿಗಳ ಮೇಲೆ ಕಣ್ಣಿಡಿ. 'ಗುಳುಕ್' ಅಂದಲ್ಲೇ ಗಾಳ ಬೀಳಬೇಕು.

ಮೊದಮೊದಲು ನಾನು ತೆಳು ದಾರಕ್ಕೆ ಬರೀ ಗಾಳ ಕಟ್ಟಿದೆ. ಪ್ರತಿ ಸಲವೂ ಹಿಡಿ ಕಳೆ ಬಂತೇ ಹೊರತು ಮೀನಿಲ್ಲ. ಈಗ ಟೊಳ್ಳು ರಬ್ಬರ್ ಕಪ್ಪೆ ಬಳಸುತ್ತೇನೆ. ಅದರ ಜೋಡಿ ಮೊನೆ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೆ ಸಿಗದು. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಮೊನೆ ಹೊರಬೀಳುತ್ತದೆ. ಜೀವಂತ ಕಪ್ಪೆ ಬೇಡ, ಅದು ಬೆಳೆಯ ಕೀಟ ತಿನ್ನುವ ನಮ್ಮಾಳು. ದಾರ ಹೆಣೆದದ್ದಿರಲಿ, ಅದು ಹಿಗ್ಗುವುದಿಲ್ಲ, ಕಳೆ ಕೊಯ್ದು ಬರುತ್ತದೆ. ಕೋಲು ಗಟ್ಟಿಯಿರಲಿ. ನೀರು ಸಿಡಿದೊಡನೆ ಜಗ್ಗಬೇಡಿ. ಎರಡೆಣಿಸಿ, ದಾರ ಬಿಗಿಯಾದ ಮೇಲೆ ಜಗ್ಗಿ. ಮೀನಿನ ತಲೆ ನೀರಿನ ಮೇಲಿಟ್ಟೇ ಎಳೆಯಿರಿ.

ಎರಡು ಮಾತು ಮರೀಬ್ಯಾಡ್ರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ; ಸಿಕ್ಕಿದ ಗಾಳ ಬಿಡಿಸಲು ನೀರಿಗಿಳಿಯಬೇಡಿ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಗಾಳ ಎತ್ತಿಡಿ. ಕೆಳಗೆ ತಂದೆ-ತಾಯಿ ಕಾವಲಿರುತ್ತವೆ. ಒಂದು ವರ್ಷ ನಾನು ಆ ಕಾವಲು ಮೀನನ್ನೇ ಎತ್ತಿದೆ. ವಾರದೊಳಗೆ ಮರಿ ಒಂದೂ ಕಾಣಲಿಲ್ಲ. ಮರುವರ್ಷ ಕಿಂಡಿಯಲ್ಲಿ 'ಗುಳುಕ್' ಸದ್ದೇ ಇಲ್ಲ. ಬೀಜದ ಜೋಳ ತಿಂದವನ ಪಾಡು ನನ್ನದಾಯಿತು.