ಶಾಲೆಯ ಮಾತ್ರೆಗೆ ಬಗ್ಗದ ಹುಳ

ಹೈದರಾಬಾದಿನಲ್ಲಿ ಮಗಳ ಶಾಲೆಯವರು ಜಂತುಹುಳದ ಮಾತ್ರೆ ಕೊಟ್ಟ ದಿನವೇ ಯಾದಗಿರಿಯಿಂದ ತಮ್ಮನ ಫೋನು: ‘ನಮ್ಮ ಕುರಿಗೆ ಲಿವರ್ ಹುಳ ಬಂದಾವ. ಹುಡುಗರಿಗೂ ಸಾಲ್ಯಾಗ ಮಾತ್ರೆ ಕೊಟ್ಟಾರ, ಇನ್ನ ಚಿಂತಿಲ್ಲಲ್ಲಾ ಅಣ್ಣಾ?’

ಚಿಂತೆ ಕಡಿಮೆಯೇ, ಆದರೆ ಮಾತ್ರೆಯಿಂದಲ್ಲ. ದೇಶದಲ್ಲಿ 2015ರಿಂದ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಕರುಳಿನ ಹುಳಗಳಿಗೆ. ಪಿತ್ತನಾಳದಲ್ಲಿ ಕೂರುವ ಫ್ಯಾಸಿಯೋಲಾಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು. ದೇಹತೂಕದ ಪ್ರತಿ ಕಿಲೋಗೆ 10 ಮಿ.ಗ್ರಾಂ. ಬೊಲಿವಿಯಾದ ಹಳ್ಳಿ ಮಕ್ಕಳಿಗೆ ಇದನ್ನು ಸಾಮೂಹಿಕವಾಗಿ ಕೊಟ್ಟಿದ್ದಾರೆ. ನಮ್ಮಲ್ಲಿ ಮನುಷ್ಯರಿಗೆ ತಗಲುವುದು ಅಪರೂಪ. ಹಾಗಾಗಿ ಡಾಕ್ಟರಿಗೂ ಬೇಗ ಹೊಳೆಯಲಿಕ್ಕಿಲ್ಲ.

ಕುರಿಯಿಂದ ನೇರವಾಗಿ ಅಂಟದು. ನೀರಿನ ಬಸವನಹುಳುವಿನಲ್ಲಿ ಬೆಳೆದು, ಕೆರೆಯಂಚಿನ ಸೊಪ್ಪಿಗೆ ಹತ್ತಿ ಬಾಯಿಗೆ ಬರುತ್ತದೆ. ತಮ್ಮನಿಗೆ ಹೇಳಿದೆ: ಆ ಸೊಪ್ಪು ಹಸಿ ತಿನ್ನಬೇಡಿ, ನೀರು ಕಾಯಿಸಿ ಕುಡಿಯಿರಿ. ಹುಡುಗರಿಗೆ ಜ್ವರ, ಬಲಪಕ್ಕೆ ನೋವು ಬಿಡದಿದ್ದರೆ ಡಾಕ್ಟರಿಗೆ ಕುರಿ, ಕೆರೆಸೊಪ್ಪಿನ ವಿಷಯವನ್ನೂ ಹೇಳು. ಕುರಿಯ ಔಷಧಿ ಮಾತ್ರ ಕುಡಿಸಬೇಡ.